ಶಾಫ್ಟ್ ಬಿಚ್ಚುವ ಮೊದಲು ಕಲ್ಲು ಇಡಿ

ಉಮರಗಾ, ನಿಲಂಗಾ, ಉದಗೀರ ಕಡೆಯ ಹಳ್ಳಿಗಳಲ್ಲಿ ಜೀಪು ಗೊತ್ತಿಲ್ಲದವರಿಲ್ಲ. ಜೀಪಿನ ಇಂಜಿನ್ ಮುಂದೆ ಇರುತ್ತದೆ. ಅದರ ಶಕ್ತಿಯನ್ನು ಹಿಂದಿನ ಗಾಲಿಗಳಿಗೆ ಮುಟ್ಟಿಸುವುದು ಒಂದು ಉದ್ದನೆಯ ಕೊಳವೆ. ಅದೇ ಶಾಫ್ಟ್. ಅದರ ಎರಡೂ ತುದಿಗೆ ಕ್ರಾಸ್ ಇರುತ್ತದೆ. ಗಾಲಿ ತಗ್ಗಿಗೆ ಇಳಿದು ಏರುವಾಗ ಕ್ರಾಸ್ ನಮ್ಮ ಮಣಿಕಟ್ಟಿನ ಹಾಗೆ ಹೊರಳುತ್ತದೆ.

ಗ್ರೀಸ್ ಇಲ್ಲದಿದ್ದರೆ ಕ್ರಾಸ್ ಸವೆಯುತ್ತದೆ. ಗಾಡಿ ಹೊರಡುವಾಗ "ಟಕ್" ಎಂದು ಸಪ್ಪಳ ಬರುತ್ತದೆ. ಓಡುವಾಗ ಗಾಡಿ ನಡುಗುತ್ತದೆ. ಕ್ರಾಸ್ ಮುರಿದರೆ ಶಾಫ್ಟ್ ಕಳಚಿ ರಸ್ತೆಗೆ ಬಡಿಯುತ್ತದೆ.

ನಿಲಂಗಾದ ಒಬ್ಬ ಡ್ರೈವರ್ ಇಂಥ ಜೀಪನ್ನು ಉಮರಗಾದ ಮಿಸ್ತ್ರಿ ಹತ್ತಿರ ತಂದ.

ಮಿಸ್ತ್ರಿ: ಗಾಲಿಗೆ ಕಲ್ಲು ಇಟ್ಟೀಯೇನೋ ತಮ್ಮಾ?
ಡ್ರೈವರ್: ಗೇರ್‌ನ್ಯಾಗ ಹಾಕೀನಲ್ಲ ಕಾಕಾ. ಕಲ್ಲು ಯಾಕ ಬೇಕು?
ಮಿಸ್ತ್ರಿ: ಶಾಫ್ಟ್ ಇದ್ರ ತಾನೇ ಗೇರ್ ಗಾಲಿ ಹಿಡಿಯೋದು? ಕೆಲವು ಹಳೇ ಜೀಪಿನ್ಯಾಗ ಹ್ಯಾಂಡ್ ಬ್ರೇಕೂ ಶಾಫ್ಟನ್ನೇ ಹಿಡೀತದ. ಶಾಫ್ಟ್ ಬಿಚ್ಚಿದ್ರ ಗಾಡಿ ಉರುಳ್ತದ. ಕೆಳಗ ನಾ ಮಲಗಿರ್ತೀನಿ!

ಡ್ರೈವರ್ ಮಾತಾಡಲಿಲ್ಲ. ಓಡಿ ಹೋಗಿ ನಾಲ್ಕು ದೊಡ್ಡ ಕಲ್ಲು ತಂದ.

ಮಿಸ್ತ್ರಿ ಮಾಡಿದ ಕೆಲಸ ಓದಿರಿ.

1. ಗಾಡಿಯನ್ನು ಸಮ ನೆಲದ ಮೇಲೆ ನಿಲ್ಲಿಸಿದ. ಗಾಲಿಗಳ ಹಿಂದೆ, ಮುಂದೆ ಕಲ್ಲು ಇಟ್ಟ.
2. ಶಾಫ್ಟಿನ ಜೋಡಣೆ ಇರುವಲ್ಲೆಲ್ಲ ಬಣ್ಣದಿಂದ ಗೆರೆ ಎಳೆದ. ಮುಂದಿನ ತುದಿಗೆ "ಅ", ಹಿಂದಿನ ತುದಿಗೆ "ಆ" ಎಂದು ಬರೆದ.
3. ಬೋಲ್ಟು ಬಿಚ್ಚಿದ. ಶಾಫ್ಟ್ ಬೀಳದಂತೆ ಡ್ರೈವರ್ ಹಿಡಿದುಕೊಂಡ.
4. ಹೊಸ ಕ್ರಾಸಿನ ಅಳತೆಯನ್ನು ಹಳೆಯದಕ್ಕೆ ಹೋಲಿಸಿ ನೋಡಿದ. ಒಳಗಿನ ಸಣ್ಣ ಸೂಜಿಗಳು ಬೀಳದಂತೆ ಕೂಡಿಸಿದ.
5. ಗೆರೆಗೆ ಗೆರೆ ಸೇರಿಸಿ ಶಾಫ್ಟ್ ಕಟ್ಟಿದ. ಎಲ್ಲ ಬೋಲ್ಟು ಬಿಗಿ ಮಾಡಿ ಗ್ರೀಸ್ ತುಂಬಿದ. ಆಮೇಲೆ ಕಲ್ಲು ತೆಗೆದ.

ಗೆರೆ ತಪ್ಪಿದರೆ ಹೊಸ ಕ್ರಾಸ್ ಹಾಕಿದರೂ ಗಾಡಿ ನಡುಗಬಹುದು. ಶಾಫ್ಟೇ ಬಾಗಿದ್ದರೆ ಅದನ್ನೂ ಬದಲಿಸಬೇಕು. ಹೊಸ ಶಾಫ್ಟಿನ ಉದ್ದ ಹಳೆಯದರಷ್ಟೇ ಇರಬೇಕು.

ಡ್ರೈವರ್ ತನ್ನ ವಹಿಯಲ್ಲಿ ಆ ದಿನದ ತಾರೀಖು ಬರೆದ. ಅದರ ಕೆಳಗೆ "ಗ್ರೀಸ್ ಮರೀಬಾರದು. ಕಲ್ಲು ಮೊದಲು" ಎಂದು ಬರೆದ.

ನೆನಪಿಡಿ: ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಹೋಗಬಾರದು.

ಉತ್ತರ ಬರೆಯಿರಿ:
1. ಶಾಫ್ಟ್ ಬಿಚ್ಚಿದ ಮೇಲೆ ಗೇರ್ ಗಾಲಿಯನ್ನು ಏಕೆ ಹಿಡಿಯುವುದಿಲ್ಲ?
2. ಮಿಸ್ತ್ರಿ "ಅ", "ಆ" ಎಂದು ಏಕೆ ಬರೆದ?