ಹೇಳಿದ ಮಾತು ನಿಲ್ಲದ ಮಗು

ಪ್ರಶ್ನೆ: ಮಗಳಿಗೆ 7 ವರ್ಷ. ಮೂರು ಕೆಲಸ ಒಟ್ಟಿಗೆ ಹೇಳಿದರೆ ಒಂದನ್ನಷ್ಟೇ ಮಾಡುತ್ತಾಳೆ. ಪೂರ್ತಿ ವಾಕ್ಯ ಆಡುವುದಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ತೆಲುಗು ಬಿಡಿಸಬೇಕೆ? ನೆನಪಿನ ಶಕ್ತಿಗೆ ಟಾನಿಕ್ ಕೊಡಬಹುದೆ?
– ಓದುಗರು, ಶಿಡ್ಲಘಟ್ಟ

ಉತ್ತರ: ಎರಡೂ ಬೇಡ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಕಿವಿ ಸರಿಯಿದ್ದರೂ ಇದನ್ನು ಹಟವೆನ್ನಬೇಡಿ. ಕೇಳಿದ ಮಾತನ್ನು ಅರ್ಥವಾಗುವಷ್ಟು ಹೊತ್ತು ಹಿಡಿದಿಡುವ ಅಲ್ಪಾವಧಿ ನೆನಪು ಸಾಲದಿರಬಹುದು. ಹೋದ ವರ್ಷದ ಜಾತ್ರೆಯನ್ನು ಚೆನ್ನಾಗಿ ನೆನೆಯುವ ಮಗುವಿಗೂ ಈ ಕೊರತೆ ಇರಬಹುದು, ಆ ನೆನಪೇ ಬೇರೆ. 1990ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬ್ರಿಟನ್ನಿನ ಮನೋವಿಜ್ಞಾನಿಗಳಾದ ಸೂಸನ್ ಗ್ಯಾದರ್‌ಕೋಲ್ ಮತ್ತು ಅಲನ್ ಬ್ಯಾಡ್ಲಿ, ಭಾಷೆಯ ತೊಂದರೆಯಿದ್ದ ಸುಮಾರು 8 ವರ್ಷದ ಕೆಲವು ಮಕ್ಕಳಿಂದ ಅರ್ಥವಿಲ್ಲದ ಪದಗಳನ್ನು ತಿರುಗಿ ಹೇಳಿಸಿದರು. ನಮ್ಮ ಬಾಯಿಗೆ ಒಗ್ಗಿಸಿ ಹೇಳುವುದಾದರೆ, ‘ತಿಬು’ ಎಂದರೆ ಹೇಳುವ ಮಗು ‘ದಮೊಲಿಸುಕ’ ಎಂದರೆ ತಡವರಿಸುತ್ತದೆ. ಉದ್ದ ಪದಗಳಲ್ಲಿ ಆ ಮಕ್ಕಳು 4 ವರ್ಷದವರ ಮಟ್ಟದಲ್ಲಿದ್ದರು. ಪದಸಂಪತ್ತು ಕಡಿಮೆಯಿದ್ದುದರಿಂದಲೇ ಹೀಗಾಯಿತೆನ್ನಬಹುದಲ್ಲ? ಪದಸಂಪತ್ತಿಗೂ ಇದರಲ್ಲಿ ಪಾಲಿದೆ, ನಿಜ. ಆದರೆ ಅಷ್ಟೇ ಭಾಷೆ ಬಲ್ಲ ಚಿಕ್ಕ ಮಕ್ಕಳು ಅವರಿಗಿಂತ ಚೆನ್ನಾಗಿ ಹೇಳಿದರು. ಹಾಗೆಂದು ಈ ಒಂದು ಪರೀಕ್ಷೆಯಿಂದ ರೋಗ ತೀರ್ಮಾನಿಸಲಾಗದು. ಭಾಷೆಯ ತೊಂದರೆಯಿದ್ದೂ ಇದನ್ನು ಸರಿಯಾಗಿ ಮಾಡುವ ಮಕ್ಕಳಿದ್ದಾರೆ. ಉದ್ದ ಪದ ಹಿಡಿದಿಡುವುದು ನಮಗೇಕೆ ಮುಖ್ಯವೆಂದರೆ, ಕನ್ನಡ, ತೆಲುಗು ಎರಡರಲ್ಲೂ ಅರ್ಥದ ಮುಖ್ಯ ಸುಳಿವು ಪದದ ಬಾಲದಲ್ಲಿರುತ್ತದೆ. ‘ತರಲಿಲ್ಲವಂತೆ’ ಎಂಬುದರ ಕೊನೆ ಜಾರಿದರೆ ತಂದರೋ ಇಲ್ಲವೋ ಎಂಬುದೇ ತಿಳಿಯದು.

ಚಿಂತಾಮಣಿ, ಗೌರಿಬಿದನೂರು ಕಡೆಯೂ ಮನೆಮಾತು ತೆಲುಗೋ ಉರ್ದುವೋ ಆದ ಮಕ್ಕಳು ಬಹಳ. ಎರಡು ಭಾಷೆ ಕಲಸಿಹೋಗಿ ಹೀಗಾಯಿತೆಂಬ ಮಾತೂ ಸಾಮಾನ್ಯ. ಕೆನಡಾದಲ್ಲಿ ಫ್ರೆಂಚ್–ಇಂಗ್ಲಿಷ್ ಎರಡನ್ನೂ ಆಡುವ, ಭಾಷೆಯ ತೊಂದರೆಯಿದ್ದ ಮಕ್ಕಳ ಮೇಲೆ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದೇ ಭಾಷೆಯ ಇಂಥ ಮಕ್ಕಳಿಗಿಂತ ಅವರು ವ್ಯಾಕರಣದಲ್ಲಿ ಹಿಂದೆ ಬಿದ್ದಿರಲಿಲ್ಲ. ತೊಂದರೆ ನಿಜವಾಗಿದ್ದರೆ ಎರಡೂ ಭಾಷೆಯಲ್ಲಿ ಕಾಣುತ್ತದೆ. ಆದ್ದರಿಂದ ಮನೆಯಲ್ಲಿ ಅವಳೊಡನೆ ತೆಲುಗು ಆಡುವವರನ್ನು ಕೇಳಿ: ತೆಲುಗಿನಲ್ಲಿ ವಯಸ್ಸಿಗೆ ತಕ್ಕಂತೆ ಮಾತಾಡುತ್ತಾಳೆಯೇ? ಹೌದಾದರೆ ಕನ್ನಡಕ್ಕೆ ಸಮಯ ಸಾಲದಾಗಿರಬಹುದು, ಅಷ್ಟೆ. ಇಲ್ಲವಾದರೆ ತೊಂದರೆ ಭಾಷೆಯದೇ ಇರಬಹುದು; ಆಗಲೂ ತೆಲುಗನ್ನು ಬಿಡಿಸಿದರೆ ಅವಳು ಇದ್ದುದರಲ್ಲಿ ಹೆಚ್ಚು ಬಲ್ಲ ಮಾತನ್ನೇ ಕಸಿದಂತಾಗುತ್ತದೆ.

ಟಾನಿಕ್ ಬದಲು ನೆನಪು ಬೆಳೆಸುವ ಕಂಪ್ಯೂಟರ್ ಆಟ ಆಡಿಸೋಣವೆಂದರೆ, ಅದರಿಂದ ಆ ಆಟವಷ್ಟೇ ಚೆನ್ನಾಗಿ ಬರುತ್ತದೆ. ಮಾತಿಗೆ ಆ ಲಾಭ ದಾಟುವುದಿಲ್ಲವೆಂದು 2013ರ ಸಮೀಕ್ಷೆಯೊಂದು ತೋರಿಸಿತು. ಅದಕ್ಕಿಂತ ಒಂದು ಸಲಕ್ಕೆ ಒಂದೇ ಕೆಲಸ ಹೇಳಿ: ‘ಚೀಲ ಇಡು’ ಎನ್ನಿ, ಇಟ್ಟ ಮೇಲೆ ‘ಕೈ ತೊಳಿ’ ಎನ್ನಿ. ತರಗತಿಯಲ್ಲೂ ಒಂದೊಂದೇ ಸೂಚನೆ ಸಾಕೆಂದು ಟೀಚರಿಗೆ ತಿಳಿಸಿ. ಸರ್ಕಾರಿ ಶಾಲೆಯಾದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸಿ, ಇಲ್ಲವೇ ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ವಿವರವಾದ ತಪಾಸಣೆಗೆ ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಹೋಗುವಾಗ ಅವಳೊಡನೆ ತೆಲುಗು ಆಡುವವರೊಬ್ಬರನ್ನು ಕರೆದೊಯ್ಯಿರಿ. ಎರಡೂ ಭಾಷೆಯಲ್ಲಿ ಪರೀಕ್ಷೆಯಾಗಲಿ.