ಟೊಮೆಟೊ ಯಾಕೆ ಕೆಂಪಾಗಲಿಲ್ಲ?

ಹೋದ ಏಪ್ರಿಲ್‌ನಲ್ಲಿ ನಮ್ಮ ಗೆಳೆಯನ ಅಪ್ಪ ಟೊಮೆಟೊ ತಗೊಂಡು ಮಂಡಿಗೆ ಹೋದರೆ, ‘ಬಣ್ಣನೇ ಇಲ್ಲ’ ಅಂತ ರೇಟು ಇಳಿಸಿದರಂತೆ. ಗೊಬ್ಬರ ಸರಿಯಾಗಿ ಹಾಕಲಿಲ್ಲ ಅಂತ ಮನೇಲಿ ಜಗಳವೂ ಆಯ್ತು. ತಪ್ಪು ಗೊಬ್ಬರದ್ದೇನಾ ಅಂತ ನೋಡೋಣ ಎಂದು ಅವನು ಊರಿಂದ ಒಂದು ಚೀಲ ಬಲಿತ ಹಸಿರುಕಾಯಿ ತಂದ. ನಾವು ಮೂರು ಪಾಲು ಮಾಡಿದೆವು. ಒಂದು ಪಾಲು ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿ ಮಂಚದ ಕೆಳಗೆ, ಇನ್ನೊಂದು ಫ್ರಿಜ್ಜಿನಲ್ಲಿ, ಉಳಿದದ್ದು ಟೆರೇಸಿನ ತಗಡಿನ ಶೀಟಿನಡಿ. ವಾರ ಕಳೆದ ಮೇಲೆ ಮಂಚದ ಕೆಳಗಿನವು ಕೆಂಪು, ಫ್ರಿಜ್ಜಿನವು ಇನ್ನೂ ಹಸಿರು. ಟೆರೇಸಿನವು ಮೆತ್ತಗಾಗಿದ್ದರೂ ಹಳದಿ-ಕಿತ್ತಳೆಗೇ ನಿಂತಿದ್ದವು!

ಬಾಳೆಹಣ್ಣಿನ ಪಾತ್ರ ಸುಲಭ: ಅದು ಎಥಿಲೀನ್ ಅನಿಲ ಬಿಡುತ್ತದೆ. ಎಥಿಲೀನ್ ತಗುಲಿದ ಕಾಯಿ ತಾನೂ ಎಥಿಲೀನ್ ತಯಾರಿಸುವ ಕಿಣ್ವಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಿನ ಪಾಸಿಟಿವ್ ಫೀಡ್‌ಬ್ಯಾಕ್ ಇದೇ.

ಕೆಂಪಿನ ಕಥೆ ಇನ್ನೂ ಚೆಂದ. ಹಣ್ಣಾಗುವಾಗ ಪತ್ರಹರಿತ್ತು ಒಡೆದುಹೋಗುತ್ತದೆ. ಅದೇ ಹೊತ್ತಿಗೆ ಫೈಟೋಯೀನ್ ಸಿಂಥೇಸ್ ಎಂಬ ಕಿಣ್ವ 20 ಕಾರ್ಬನ್‌ಗಳ ಎರಡು ಅಣುಗಳನ್ನು ಜೋಡಿಸಿ 40 ಕಾರ್ಬನ್‌ಗಳ ಫೈಟೋಯೀನ್ ಮಾಡುತ್ತದೆ. ಇದಕ್ಕೆ ಬಣ್ಣವೇ ಇಲ್ಲ. ಸಾಲಾಗಿ ಬರುವ ಪರ್ಯಾಯ ದ್ವಿಬಂಧಗಳು ಮೂರೇ ಮೂರು. ಮುಂದಿನ ಕಿಣ್ವಗಳು ಹೈಡ್ರೋಜನ್ ಕಿತ್ತುಹಾಕುತ್ತಾ ಈ ಸಾಲನ್ನು 11ಕ್ಕೆ ಒಯ್ಯುತ್ತವೆ. ಅದೇ ಲೈಕೋಪೀನ್. ಸಾಲು ಉದ್ದವಾದಷ್ಟೂ ಅಣು ಹೀರುವ ಬೆಳಕು ಅತಿನೇರಳೆಯಿಂದ ನೀಲಿ-ಹಸಿರಿನ ಕಡೆ ಸರಿಯುತ್ತದೆ, ನಮ್ಮ ಕಣ್ಣಿಗೆ ಉಳಿಯೋದು ಕೆಂಪು. ಎಲೆಯಲ್ಲಾದರೆ ಇನ್ನೊಂದು ಕಿಣ್ವ ಲೈಕೋಪೀನಿನ ತುದಿಗಳನ್ನು ಉಂಗುರವಾಗಿ ಮಡಿಸಿ ಬೀಟಾ-ಕ್ಯಾರೋಟಿನ್ ಮಾಡುತ್ತಿತ್ತು. ಹಣ್ಣಾಗುವ ಟೊಮೆಟೊದಲ್ಲಿ ಆ ಕಿಣ್ವದ ತಯಾರಿಕೆ ಕುಸಿಯುತ್ತದೆ. ಮುಂದಿನ ಗೇಟು ಮುಚ್ಚಿದ ಅಸೆಂಬ್ಲಿ ಲೈನಿನ ಹಾಗೆ ಲೈಕೋಪೀನ್ ಅಲ್ಲೇ ರಾಶಿ ಬೀಳುತ್ತದೆ.

ಈಗ ಟೆರೇಸಿಗೆ ಬನ್ನಿ. ಬಿಸಿ 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಲೈಕೋಪೀನ್ ತಯಾರಿ ಕುಂಟುತ್ತದೆ, ಬೀಟಾ-ಕ್ಯಾರೋಟಿನ್ ಮಾತ್ರ ಅಷ್ಟಾಗಿ ನಿಲ್ಲೋದಿಲ್ಲ. ಕಿತ್ತಳೆ ಬಣ್ಣ ಅದರದ್ದು. ಫ್ರಿಜ್ಜಿನ ಕಥೆ ಉಲ್ಟಾ: ಸುಮಾರು 12 ಡಿಗ್ರಿಗಿಂತ ಕೆಳಗೆ ಹಸಿರುಕಾಯಿಗೆ ಚಳಿಯ ಪೆಟ್ಟು ಬೀಳುತ್ತದೆ, ಆಮೇಲೆ ಹೊರಗಿಟ್ಟರೂ ಸರಿಯಾಗಿ ಹಣ್ಣಾಗೋದಿಲ್ಲ. ಹಣ್ಣನ್ನು ಇಟ್ಟರೂ ಪರಿಮಳ ಕೊಡುವ ಕಿಣ್ವಗಳು ಮಂಕಾಗುತ್ತವೆ. ನಮ್ಮ ಮೆಸ್ಸಿನ ಸಾರಿನ ಬಗ್ಗೆ ಇಲ್ಲಿ ಏನೂ ಹೇಳುವುದಿಲ್ಲ.

ಕಿತ್ತಳೆ ಟೊಮೆಟೊವನ್ನು ಕೀಳಾಗಿ ನೋಡೋದಂತೂ ಅನ್ಯಾಯ. ನಮ್ಮ ದೇಹ ಬೀಟಾ-ಕ್ಯಾರೋಟಿನ್ನನ್ನು ಎ ವಿಟಮಿನ್ ಮಾಡಿಕೊಳ್ಳುತ್ತದೆ. ಉಂಗುರವಿಲ್ಲದ ಲೈಕೋಪೀನಿನಿಂದ ಅದು ಆಗದು. ಲೈಕೋಪೀನ್ ಒಳ್ಳೆಯ ಆಂಟಿಆಕ್ಸಿಡೆಂಟ್ ಹೌದು, ಅದೂ ಎಣ್ಣೆ ಹಾಕಿ ಬೇಯಿಸಿದರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಒಗ್ಗರಣೆ ಹಾಕಿದ ಗೊಜ್ಜಿಗೆ ಜೈ.

ಇದನ್ನೆಲ್ಲ ಸ್ಪೀಕರ್‌ನಲ್ಲಿ ಕೇಳಿಸಿಕೊಂಡ ಗೆಳೆಯನ ಅಪ್ಪ ಕೇಳಿದ್ದು ಒಂದೇ: “ಹಂಗಾದ್ರೆ ದೋರೆಗಾಯಲ್ಲೇ ಕಿತ್ತು ತಂಪು ನೆರಳಲ್ಲಿ ಹರಡಿದ್ರೆ ಕೆಂಪಾಗ್ತವೇನ್ರಪ್ಪಾ?” 20ರಿಂದ 25 ಡಿಗ್ರಿ ಸಿಕ್ಕರೆ ಆಗುತ್ತೆ ಅಂದೆವು. ಈ ಬೇಸಿಗೆಗೆ ದನದ ಕೊಟ್ಟಿಗೆಯ ಒಂದು ಮೂಲೆ ಖಾಲಿ ಮಾಡಿಸುತ್ತಿದ್ದಾರೆ.