ಕೆರೆ ಕಾಯಬೇಕಾದದ್ದು ಕಾಲುವೆಯಲ್ಲಿ

ಬೆಂಗಳೂರಿನ ನಮ್ಮ ಅಂಜನಾಪುರದಲ್ಲಿ ಕೆರೆ ಉಳಿಸುವ ಮಾತು ಬಂದಾಗಲೆಲ್ಲ ಚರ್ಚೆ ಬೇಲಿ, ವಾಕಿಂಗ್ ಪಾತ್, ಕಲ್ಲುಬೆಂಚುಗಳ ಸುತ್ತಲೇ ತಿರುಗುತ್ತದೆ. ಇಷ್ಟು ವರ್ಷ ಇಲ್ಲಿದ್ದು ನನಗೆ ಮನದಟ್ಟಾದದ್ದು ಬೇರೆ. ಕೆರೆ ಕೆಡುವುದೂ ಉಳಿಯುವುದೂ ಬೇಲಿಯೊಳಗೆ ತೀರ್ಮಾನವಾಗುವುದಿಲ್ಲ. ಅದು ತೀರ್ಮಾನವಾಗುವುದು ಮೇಲ್ಗಡೆಯ ಕಾಲುವೆಗಳಲ್ಲಿ, ನಮ್ಮ ನಮ್ಮ ಬಚ್ಚಲಿನ ಪೈಪುಗಳಲ್ಲಿ.

ಆಲಹಳ್ಳಿ, ಆವಲಹಳ್ಳಿ ಸುತ್ತಿನ ಹೊಲಗಳ ಮೇಲೆ ಎದ್ದ ಬಡಾವಣೆ ನಮ್ಮದು. ಅಂಜನಾಪುರ ಕೆರೆಯನ್ನು ಹಳಬರು ಇಂದಿಗೂ ಆಲಹಳ್ಳಿ ಕೆರೆ ಎನ್ನುತ್ತಾರೆ. 2007ರಲ್ಲಿ ಬಿಬಿಎಂಪಿ ರಚನೆಯಾದಾಗ 110 ಹಳ್ಳಿಗಳು ಒಟ್ಟಿಗೇ ನಗರಕ್ಕೆ ಸೇರಿದವು. ನಗರದ ಅಂಚಿನಲ್ಲೆಲ್ಲ ಸೈಟು, ಮನೆ ಮೊದಲು ಬಂದವು. ಯುಜಿಡಿ, ಅಂದರೆ ಒಳಚರಂಡಿ, ಆಮೇಲೆ ಬಂತು. ಈ ನಡುವಿನ ವರ್ಷಗಳಲ್ಲಿ ಎಷ್ಟೋ ಮನೆಗಳ ಕೊಳಚೆ ಪಿಟ್‌ಗಳಲ್ಲಿ ನಿಂತಿತು, ಇಲ್ಲವೇ ಮಳೆನೀರಿನ ಚರಂಡಿ ಸೇರಿತು. ಹಾಗೆ ಸೇರಿದ ಪೈಪುಗಳು ಯುಜಿಡಿ ಬಂದ ಮೇಲೂ ಹಲವೆಡೆ ಹಾಗೇ ಉಳಿದಿವೆ.

ಇದನ್ನು ಗುರುತಿಸುವ ಬಗೆ ಹೇಳಿಕೊಟ್ಟವರು ಊರಿನ ಹಿರಿಯರೊಬ್ಬರು. ಮಾರ್ಚ್ ತಿಂಗಳ ಬಿಸಿಲಲ್ಲಿ ರಾಜಕಾಲುವೆಯ ಪಕ್ಕ ನಿಂತು, "ಮಳೆ ಬಂದು ಎಷ್ಟು ದಿನ ಆಯ್ತಮ್ಮ? ಆದ್ರೂ ಕಾಲ್ವೇಲಿ ನೀರು ಹರೀತಾ ಐತೆ. ಇದು ಮಳೆನೀರಲ್ಲ" ಎಂದರು. ಅಂದಿನಿಂದ ನಮ್ಮ ಬೀದಿಯ ಕೆಲವರು ಬೇಸಿಗೆ ಬಂತೆಂದರೆ ಕಾಲುವೆಯ ಗುಂಟ ಹರಿವಿಗೆ ಎದುರಾಗಿ ನಡೆಯುತ್ತೇವೆ. ಒಣಗಿರಬೇಕಾದ ಕಾಲುವೆ ಎಲ್ಲಿ ಒದ್ದೆಯಾಗಿದೆಯೋ ಅಲ್ಲಿಂದ ಮೇಲಕ್ಕೆ ಹೋದರೆ ಮೂಲ ಸಿಕ್ಕೇ ಸಿಗುತ್ತದೆ: ಉಕ್ಕುವ ಮ್ಯಾನ್‌ಹೋಲ್, ಗೋಡೆಯಿಂದ ಹೊರಚಾಚಿದ ಪಿವಿಸಿ ಪೈಪು, ರಾತ್ರಿ ಟ್ಯಾಂಕರ್ ಖಾಲಿ ಮಾಡಿ ಹೋದ ಗುರುತು. ಬೂದುಬಣ್ಣದ ನೀರು, ಅಂಚಿನಲ್ಲಿ ಸೋಪಿನ ನೊರೆ, ತಳದಲ್ಲಿ ಕಪ್ಪು ಕೆಸರು ಕಂಡರೆ ಬೇರೆ ಪರೀಕ್ಷೆಯೇ ಬೇಡ.

ಆ ಕೆಸರು ಏನು ಮಾಡುತ್ತದೆ ಎಂಬುದು ಮೊದಲ ಜೋರು ಮಳೆಯ ಮರುದಿನ ತಿಳಿಯುತ್ತದೆ. ಬೆಳಕು ಹರಿಯುವ ಹೊತ್ತಿಗೆ ಮೀನುಗಳು ಗುಂಪುಗುಂಪಾಗಿ ಮೇಲೆ ಬಂದು, ಬಾಯಿ ನೀರಿನಾಚೆ ಇಟ್ಟು ಉಸಿರಿಗಾಗಿ ಒದ್ದಾಡುವುದನ್ನು ನೋಡಿದ್ದೇನೆ. ಬೇಸಿಗೆಯಿಡೀ ಕಾಲುವೆಯಲ್ಲಿ ಕೂತ ಹೊಲಸನ್ನು ಮಳೆ ಒಂದೇ ಸಲ ಕೆರೆಗೆ ತಳ್ಳುತ್ತದೆ. ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನು ಬಳಸಿಬಿಡುತ್ತವೆ. ಪಾಚಿ ಹಗಲು ಆಮ್ಲಜನಕ ಕೊಟ್ಟರೂ ರಾತ್ರಿ ತಾನೇ ಬಳಸುತ್ತದೆ. ಹಾಗಾಗಿ ಬೆಳಗಿನ ಜಾವವೇ ಮೀನಿಗೆ ಕಷ್ಟದ ಹೊತ್ತು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದಾಗಲೂ ನೀರಿನಲ್ಲಿ ಆಮ್ಲಜನಕ ಕುಸಿದಿತ್ತು. ದಡಕ್ಕೆ ಎಷ್ಟೇ ಬಣ್ಣ ಬಳಿದರೂ ಮೀನಿಗೆ ಉಸಿರು ಬರುವುದಿಲ್ಲ.

ಇನ್ನೊಂದು ಪಾಠ ಅರ್ಜಿ ಬರೆಯುವುದರದ್ದು. ಕೆರೆ ಒಬ್ಬರದು, ಕಾಲುವೆ ಮತ್ತೊಬ್ಬರದು, ಕೊಳಚೆ ಪೈಪು ಜಲಮಂಡಳಿಯದು, ಮಾಲಿನ್ಯದ ದೂರು ಮಾಲಿನ್ಯ ನಿಯಂತ್ರಣ ಮಂಡಳಿಯದು, ಒತ್ತುವರಿ ಕಂದಾಯ ಇಲಾಖೆಯದು. "ಕೆರೆ ಗಲೀಜಾಗಿದೆ" ಎಂದು ಬರೆದ ಕಾಗದ ಮೇಜಿನಿಂದ ಮೇಜಿಗೆ ಓಡಾಡುತ್ತದೆ. "ಇಂಥ ಅಡ್ಡರಸ್ತೆಯ ಇಂಥ ಮ್ಯಾನ್‌ಹೋಲ್ ಉಕ್ಕಿ ಕಾಲುವೆಗೆ ಬೀಳುತ್ತಿದೆ" ಎಂದು ತಾರೀಕು, ಫೋಟೊ ಸಮೇತ ಕೊಟ್ಟ ಅರ್ಜಿಗೆ ಕೆಲಸದವರು ಬರುತ್ತಾರೆ. ಒತ್ತುವರಿಯಾದರೆ ಗ್ರಾಮನಕ್ಷೆ, ಸರ್ವೆ ನಂಬರ್ ಜೊತೆಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬೆನ್ನು ಹತ್ತುವವರು ಬೇಕು. ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆಗೆ ಅಂಥವರು ಸಿಕ್ಕರು. 2010ರಲ್ಲಿ ನೆರೆಹೊರೆಯವರೇ ಟ್ರಸ್ಟ್ ಕಟ್ಟಿಕೊಂಡು ನಿಂತರು. ಪಕ್ಕದ ವಸತಿ ಸಮುಚ್ಚಯದ ಸಂಸ್ಕರಿಸಿದ ನೀರು ಆ ಕೆರೆಗೆ ಬರುವಂತಾಯಿತು. ಕೊಳಚೆಯೂ ಸರಿಯಾಗಿ ಶುದ್ಧವಾದರೆ ಕೆರೆಗೆ ನೀರಿನ ಮೂಲವಾಗಬಲ್ಲದು ಎಂದು ಜಕ್ಕೂರು ಕೆರೆಯೂ ತೋರಿಸಿದೆ. ಅಲ್ಲಿ ಶುದ್ಧೀಕರಣ ಘಟಕದಿಂದ ಬಂದ ನೀರು ಜೊಂಡು ಬೆಳೆದ ಜೌಗಿನಲ್ಲಿ ಹಾಯ್ದು ಮತ್ತಷ್ಟು ತಿಳಿಯಾಗಿ ಕೆರೆ ಸೇರುತ್ತದೆ.

ನಮ್ಮ ಕೊಳಚೆ ನಮ್ಮಲ್ಲೇ ಉಳಿಯುವುದೂ ಇಲ್ಲ. ನೆರೆಯ ಗೊಟ್ಟಿಗೆರೆ ಕೆರೆಯ ಕೋಡಿ ನೀರು ಹುಳಿಮಾವು, ಮಡಿವಾಳ, ಅಗರದ ದಾರಿಯಾಗಿ ಬೆಳ್ಳಂದೂರು ಮುಟ್ಟುತ್ತದೆ. ಅಲ್ಲಿಂದ ವರ್ತೂರು, ಆಮೇಲೆ ದಕ್ಷಿಣ ಪಿನಾಕಿನಿ. 2017ರಲ್ಲಿ, ಮತ್ತೆ 2018ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದದ್ದನ್ನು ದೇಶವೇ ನೋಡಿತು. ಆ ಕೆರೆಯಲ್ಲಿ ಉಕ್ಕಿದ ನೊರೆಗೆ ಕಾರಣವಾದ ಡಿಟರ್ಜೆಂಟ್ ಬಂದದ್ದು ಮೇಲ್ಗಡೆಯ ಲಕ್ಷಾಂತರ ಬಚ್ಚಲುಗಳಿಂದ.

ಮನೆಯಲ್ಲಿ ಮಾಡಬಹುದಾದದ್ದು ದೊಡ್ಡ ಖರ್ಚಿನದಲ್ಲ. ತಾರಸಿಯ ಮಳೆನೀರಿನ ಪೈಪು ಯುಜಿಡಿಗೆ ಹೋಗಬಾರದು. ಹೋದರೆ ಮಳೆಗಾಲದಲ್ಲಿ ಮ್ಯಾನ್‌ಹೋಲ್ ಉಕ್ಕಿ, ಕೊಳಚೆ ಮತ್ತೆ ಕಾಲುವೆಗೇ ಬೀಳುತ್ತದೆ. ಆ ನೀರನ್ನು ಸಂಪಿಗೋ ಇಂಗುಗುಂಡಿಗೋ ತಿರುಗಿಸಬೇಕು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆಯಾಗುತ್ತದೆ. 30×40 ಸೈಟಿನ ಮೇಲೆ ಬೀಳುವುದೇ ಒಂದು ಲಕ್ಷ ಲೀಟರ್ ಮೀರುತ್ತದೆ. ಇದನ್ನು ಹಿಡಿಯುವ ಬಗೆಗಳನ್ನು ಜಯನಗರದ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಪಾರ್ಕಿನಲ್ಲಿ ಕಣ್ಣಾರೆ ನೋಡಬಹುದು. ಹಬ್ಬದಲ್ಲೂ ಅಷ್ಟೆ, ಕೆರೆಗೆ ಬಿಡುವ ಬದಲು ಬಣ್ಣ ಬಳಿಯದ ಮಣ್ಣಿನ ಗಣಪನನ್ನು ಮನೆಯ ಬಕೆಟ್ಟಿನಲ್ಲೇ ವಿಸರ್ಜಿಸಿದರೆ ಆ ನೀರು ಗಿಡಕ್ಕಾಗುತ್ತದೆ.

2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರ್‌ಗೆ ಕಾದವರು ನಾವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದಾಗ, ಇನ್ನು ಕೆರೆಯ ಹಂಗಿಲ್ಲ ಎಂದವರನ್ನೂ ಕಂಡಿದ್ದೇನೆ. ಆದರೆ ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತಂದ ನೀರಿನಲ್ಲಿ ಹತ್ತಕ್ಕೆ ಎಂಟು ಪಾಲು ಕೊಳಚೆಯಾಗಿಯೇ ಮನೆಯಿಂದ ಹೊರಬೀಳುತ್ತದೆ. ಕಾವೇರಿ ಹೆಚ್ಚು ಬಂದಷ್ಟೂ ಕೆರೆಗೆ ಅಪಾಯವೂ ಹೆಚ್ಚು. ಆದ್ದರಿಂದ ನನ್ನ ವಿನಂತಿ ಇಷ್ಟೇ: ಮುಂಗಾರಿಗೆ ಮೊದಲು ನಿಮ್ಮ ಬೀದಿಯ ಕಾಲುವೆಯ ಗುಂಟ ಒಮ್ಮೆ ನಡೆಯಿರಿ. ಒದ್ದೆಯಾದ ಜಾಗ ಕಂಡರೆ ಫೋಟೊ ತೆಗೆದು ಅರ್ಜಿ ಕೊಡಿ, ಸರಿಹೋಗುವ ತನಕ ಬಿಡಬೇಡಿ.